ಎಲುಬು, ಬಿಸಿಲು ಮತ್ತು ರಕ್ತದ ಸಕ್ಕರೆ

ಎಲುಬೆಂದರೆ ಶರೀರವನ್ನು ಎತ್ತಿ ನಿಲ್ಲಿಸುವ ಜಡವಾದ ಕಂಬವೆಂಬುದು ಜನರ ರೂಢಿಯ ಭಾವನೆ. ವಾಸ್ತವವಾಗಿ ಅದು ಸಜೀವ ಅಂಗಾಂಶ. ಹಳೆಯ ಭಾಗವನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಅದರೊಳಗೆ ಜೀವನಪರ್ಯಂತ ದುಡಿಯುತ್ತಿರುತ್ತವೆ. ಈ ದುಡಿಮೆಯ ಕುರುಹುಗಳು ರಕ್ತದಲ್ಲಿ ದೊರೆಯುತ್ತವೆ. ಕಟ್ಟುವ ಕಾರ್ಯಕ್ಕೆ ಪಿ1ಎನ್‌ಪಿ ಮತ್ತು ಆಸ್ಟಿಯೋಕ್ಯಾಲ್ಸಿನ್, ಕರಗಿಸುವ ಕಾರ್ಯಕ್ಕೆ ಸಿಟಿಎಕ್ಸ್ ಎಂಬವು ಸೂಚಕಗಳು. ಟೈಪ್ 2 ಮಧುಮೇಹಿಗಳಲ್ಲಿ ಇವು ಸಾಮಾನ್ಯವಾಗಿ ತಗ್ಗಿರುತ್ತವೆ; ಎಂದರೆ ಎಲುಬಿನ ನವೀಕರಣ ಮಂದವಾಗಿರುತ್ತದೆ. ಸಾಂದ್ರತೆಯ ಪರೀಕ್ಷೆಯಲ್ಲಿ ಎಲುಬು ಸರಿಯಾಗಿ ಕಂಡರೂ ಅಂಥವರಲ್ಲಿ ಮುರಿತದ ಸಂಭವ ಹೆಚ್ಚಾಗಿರಲು ಇದೂ ಒಂದು ಕಾರಣವೆಂದು ಭಾವಿಸಲಾಗಿದೆ.

ಮಧುಮೇಹದ ಹೊಸ್ತಿಲು

ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ 100ರಿಂದ 125 ಮಿಲಿಗ್ರಾಂ, ಇಲ್ಲವೆ ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ, ಅದನ್ನು ಮಧುಮೇಹದ ಪೂರ್ವಸ್ಥಿತಿ ಎನ್ನುವರು. ಭಾರತದಲ್ಲಿ ಸುಮಾರು 13.6 ಕೋಟಿ ಜನ ಈ ಸ್ಥಿತಿಯಲ್ಲಿರುವರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಅಂದಾಜು ಮಾಡಿತು. ಇದಕ್ಕೆ ನೋವಿಲ್ಲ, ಬಾಧೆಯಿಲ್ಲ. ಆದುದರಿಂದಲೇ ಅಲಕ್ಷ್ಯವೂ ಹೆಚ್ಚು.

ಬಿಸಿಲಿನ ನಾಡಿನಲ್ಲಿ ಬಿಸಿಲಿನ ಬರ

ಜೀವಸತ್ತ್ವ ‘ಡಿ’ ಚರ್ಮದಲ್ಲಿ ಸೂರ್ಯನ ಅತಿನೇರಳೆ ಕಿರಣಗಳಿಂದ ಹುಟ್ಟಿ, ಪಿತ್ತಜನಕಾಂಗ ಮತ್ತು ಮೂತ್ರಪಿಂಡಗಳಲ್ಲಿ ಮಾರ್ಪಟ್ಟು, ಕರುಳು ಸುಣ್ಣಾಂಶವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಇನ್ಸುಲಿನ್ ಸ್ರವಿಸುವ ಜೀವಕೋಶಗಳಲ್ಲಿಯೂ ಅದನ್ನು ಗ್ರಹಿಸುವ ವ್ಯವಸ್ಥೆಯಿದೆ. ಆದರೆ ಮಹಾನಗರದ ಕನ್ನಡಿಗನು ಫ್ಲ್ಯಾಟಿನಿಂದ ರೈಲಿಗೆ, ರೈಲಿನಿಂದ ಕಚೇರಿಗೆ ಸಾಗುವನು. ಕಿಟಕಿಯ ಗಾಜು ಬೆಳಕನ್ನು ಬಿಟ್ಟು ಬೇಕಾದ ಕಿರಣವನ್ನು ತಡೆಯುತ್ತದೆ. ನಗರದ ಹೊಗೆಯೂ ಹಾಗೆಯೇ. ದೆಹಲಿಯ ಮೋರಿ ಗೇಟ್ ಪ್ರದೇಶದ ಮಕ್ಕಳ ರಕ್ತದಲ್ಲಿ, ಮಾಲಿನ್ಯ ಕಡಿಮೆಯಿದ್ದ ಗುಡಗಾಂವದ ಮಕ್ಕಳಿಗಿಂತ ಈ ಸತ್ತ್ವ ಕಡಿಮೆಯಿದ್ದುದನ್ನು 2002ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು.

ಎಲುಬು ಸಕ್ಕರೆಯನ್ನು ಆಳುವುದೆ?

2007ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಜೆರಾರ್ಡ್ ಕಾರ್ಸೆಂಟಿ ಮತ್ತು ಸಂಗಡಿಗರು, ಆಸ್ಟಿಯೋಕ್ಯಾಲ್ಸಿನ್ ಇಲ್ಲದ ಇಲಿಗಳಲ್ಲಿ ಸಕ್ಕರೆ ಏರಿ ಇನ್ಸುಲಿನ್ ಇಳಿಯುವುದೆಂದು ವರದಿಮಾಡಿದರು. ಎಲುಬು ತಾನೇ ಒಂದು ಗ್ರಂಥಿಯೆಂಬ ವಿಚಾರಕ್ಕೆ ಇದು ಬಲಕೊಟ್ಟಿತು. ಆದರೆ 2020ರಲ್ಲಿ ಬೇರೆ ಪ್ರಯೋಗಶಾಲೆಗಳು ಬೆಳೆಸಿದ ಅಂಥ ಇಲಿಗಳಲ್ಲಿ ಸಕ್ಕರೆಯ ವ್ಯತ್ಯಾಸ ಕಾಣಲಿಲ್ಲ. ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ. ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು.

ಗುಳಿಗೆಯೋ ನಡಿಗೆಯೋ?

ಅಮೆರಿಕದಲ್ಲಿ ಪೂರ್ವಸ್ಥಿತಿಯ 2,423 ಜನರ ಮೇಲೆ ನಡೆದ ಪ್ರಯೋಗದ ಫಲ 2019ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನಕ್ಕೆ ದಿನಕ್ಕೆ 4,000 ಯೂನಿಟ್ ಜೀವಸತ್ತ್ವ, ಉಳಿದವರಿಗೆ ಹುಸಿಗುಳಿಗೆ. ಮೊದಲ ಗುಂಪಿನಲ್ಲಿ 293, ಎರಡನೆಯದರಲ್ಲಿ 323 ಮಂದಿಗೆ ಮಧುಮೇಹ ಬಂದಿತು. ಈ ಅಂತರ ನಿರ್ಣಾಯಕವಲ್ಲ. ಅವರಲ್ಲಿ ಬಹುಪಾಲು ಜನರಿಗೆ ಮೊದಲೇ ಕೊರತೆಯಿರಲಿಲ್ಲವೆಂಬುದೂ ಗಮನಾರ್ಹ. 2023ರಲ್ಲಿ ಮೂರು ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಅಪಾಯ ಶೇಕಡಾ 15ರಷ್ಟು ತಗ್ಗಿದುದು ಕಂಡಿತು. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಾದರೋ, ಆಹಾರನಿಯಮ ಮತ್ತು ನಡಿಗೆಗಳಿಂದಲೇ ಅಪಾಯ ಶೇಕಡಾ 28.5ರಷ್ಟು ಇಳಿದಿತ್ತು.

ಆದುದರಿಂದ ನಡಿಗೆ ಮತ್ತು ಮಿತಾಹಾರ ಮೊದಲು, ಗುಳಿಗೆ ಅನಂತರ. ನಡಿಗೆಯ ಸ್ವಲ್ಪ ಭಾಗವಾದರೂ ಏರುಬಿಸಿಲಿನಲ್ಲಿ ನಡೆದರೆ ಎಲುಬಿಗೂ ಲಾಭ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಆದರೆ ಜೀವಸತ್ತ್ವ ‘ಡಿ’ ಅದರಲ್ಲಿಲ್ಲ, ಮುದ್ದೆಯ ಪ್ರಮಾಣಕ್ಕೂ ಮಿತಿ ಬೇಕು. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡವರು ವೈದ್ಯರು ಹೇಳಿದಷ್ಟನ್ನೇ ಸೇವಿಸತಕ್ಕದ್ದು. ವಾರಕ್ಕೊಮ್ಮೆ ನುಂಗಬೇಕಾದ 60,000 ಯೂನಿಟ್ಟಿನ ಗುಳಿಗೆಯನ್ನು ದಿನವೂ ನುಂಗಿದರೆ ರಕ್ತದಲ್ಲಿ ಸುಣ್ಣಾಂಶ ಮಿತಿಮೀರಿ ಮೂತ್ರಪಿಂಡಗಳಿಗೆ ಹಾನಿಯಾದೀತು. ಹೊಸ್ತಿಲಲ್ಲಿ ನಿಂತವನಿಗೆ ಹಿಂದಿರುಗುವ ದಾರಿ ಇನ್ನೂ ತೆರೆದಿದೆ. ವರ್ಷಕ್ಕೊಮ್ಮೆ ರಕ್ತವನ್ನು ಪರೀಕ್ಷಿಸಿಕೊಳ್ಳುವುದೇ ಆ ದಾರಿಯ ಮೊದಲ ಹೆಜ್ಜೆ.