ರೋಗವನ್ನು ತರಹೊರಟ ವಸ್ತು ಮದ್ದಾದ ಬಗೆ

ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆಯಿರುವುದನ್ನು ನಾವೆಲ್ಲರೂ ಬಲ್ಲೆವು. ನಮ್ಮ ಮಿದುಳು ಮತ್ತು ಮಿದುಳುಬಳ್ಳಿಗಳ ಅನೇಕ ನರತಂತುಗಳಿಗೂ ಇಂತಹದೊಂದು ಹೊದಿಕೆಯುಂಟು. ಕೊಬ್ಬು ಮತ್ತು ಪ್ರೋಟೀನುಗಳಿಂದಾದ ಇದಕ್ಕೆ ಮಯಲಿನ್ ಎಂದು ಹೆಸರು. ಮಯಲಿನ್ ತಂತುವಿನ ಉದ್ದಕ್ಕೂ ಅಖಂಡವಾಗಿರದೆ ಅಲ್ಲಲ್ಲಿ ಸಣ್ಣ ಎಡೆಗಳನ್ನು ಬಿಟ್ಟು ಸುತ್ತಿಕೊಂಡಿರುತ್ತದೆ. ನರಸಂದೇಶವು ಒಂದು ಎಡೆಯಿಂದ ಮುಂದಿನ ಎಡೆಗೆ ನೆಗೆಯುತ್ತ ಸಾಗುತ್ತದೆ. ಆದುದರಿಂದಲೇ ದಪ್ಪನಾದ, ಹೊದಿಕೆಯುಳ್ಳ ತಂತುಗಳಲ್ಲಿ ಸಂದೇಶದ ವೇಗವು ಸೆಕೆಂಡಿಗೆ 100 ಮೀಟರನ್ನೂ ಮೀರಬಲ್ಲುದು. ಹೊದಿಕೆಯಿಲ್ಲದ ತೆಳು ತಂತುಗಳಲ್ಲಿ ಅದು ಒಂದೆರಡು ಮೀಟರು ಮಾತ್ರ.

ಈ ಹೊದಿಕೆ ನಾಶವಾದರೆ ಸಂದೇಶವು ನಿಧಾನವಾಗುತ್ತದೆ, ಇಲ್ಲವೆ ನಡುದಾರಿಯಲ್ಲೇ ನಿಂತುಹೋಗುತ್ತದೆ. ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ರೋಗದಲ್ಲಿ ಆಗುವುದು ಇದೇ. ಒಬ್ಬರಿಗೆ ಒಂದು ಕಣ್ಣಿನ ದೃಷ್ಟಿ ಮಸುಕಾಗುತ್ತದೆ. ಇನ್ನೊಬ್ಬರ ಕೈಕಾಲು ಜೋಮು ಹಿಡಿಯುತ್ತದೆ. ಮತ್ತೊಬ್ಬರ ನಡಿಗೆ ತಡವರಿಸುತ್ತದೆ. ರೋಗವು ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನೊಳಗೆ ತಲೆದೋರುತ್ತದೆ; ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. 1868ರಲ್ಲಿ ಪ್ಯಾರಿಸಿನ ಸಾಲ್‌ಪೆತ್ರಿಯೇರ್ ಆಸ್ಪತ್ರೆಯ ವೈದ್ಯ ಷಾರ್ಕೊ ಇದರ ಲಕ್ಷಣಗಳನ್ನೂ, ಮೃತರ ನರಮಂಡಲದಲ್ಲಿ ಕಂಡ ಗಡುಸಾದ ಕಲೆಗಳನ್ನೂ ಒಂದಕ್ಕೊಂದು ಹೊಂದಿಸಿ ವಿವರಿಸಿದನು. ಹಲವೆಡೆ ಗಡುಸಾಗುವುದು ಎಂಬುದೇ ರೋಗದ ಹೆಸರಿನ ಅರ್ಥ.

ಹೊದಿಕೆಯನ್ನು ಹರಿಯುವವರು ಯಾರು? ಇದರ ಸುಳಿವು ದೊರೆತದ್ದು ಹುಚ್ಚುನಾಯಿ ರೋಗದ ಲಸಿಕೆಯಿಂದ. 1885ರಲ್ಲಿ ಪಾಸ್ತರನು ಮೊದಲು ಮನುಷ್ಯನಿಗೆ ನೀಡಿದ ಆ ಲಸಿಕೆಯನ್ನು ಮೊಲದ ಮಿದುಳುಬಳ್ಳಿಯಿಂದ ತಯಾರಿಸುತ್ತಿದ್ದರು. ಲಸಿಕೆ ಪಡೆದವರಲ್ಲಿ ಕೆಲವರಿಗೆ ಹುಚ್ಚುನಾಯಿ ರೋಗವು ತಗುಲದಿದ್ದರೂ ಪಾರ್ಶ್ವವಾಯು ಬಡಿಯುತ್ತಿತ್ತು. ದೋಷವು ವೈರಸ್ಸಿನದೋ, ಅದರೊಡನೆ ಬೆರೆತ ನರದ ಅಂಶದ್ದೋ? 1930ರ ದಶಕದಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಥಾಮಸ್ ರಿವರ್ಸ್ ಮತ್ತು ಸಂಗಡಿಗರು ಆರೋಗ್ಯವಾದ ಮೊಲದ ಮಿದುಳಿನ ಸಾರವನ್ನು ಕೋತಿಗಳಿಗೆ ಮತ್ತೆ ಮತ್ತೆ ಚುಚ್ಚಿದರು. ಕೆಲವು ಕೋತಿಗಳ ಅವಯವಗಳು ಸ್ವಾಧೀನ ತಪ್ಪಿದುವು. ಅವುಗಳ ಮಿದುಳಿನಲ್ಲಿ ಮಯಲಿನ್ ಅಲ್ಲಲ್ಲಿ ನಾಶವಾಗಿತ್ತು. ಇಲ್ಲಿ ವೈರಸ್ಸಿನ ಪಾತ್ರವಿರಲಿಲ್ಲ. ಹೊರಗಿನ ಶತ್ರುವನ್ನು ಎದುರಿಸಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ನರಗಳ ಮೇಲೆ ತಿರುಗಿಬಿದ್ದಿತ್ತು. ಮಲ್ಟಿಪಲ್ ಸ್ಕ್ಲಿರೋಸಿಸ್ಸನ್ನು ಬಹುಮಟ್ಟಿಗೆ ಹೋಲುವ ಈ ಕೃತಕ ರೋಗವು ಅಂದಿನಿಂದ ಪ್ರಯೋಗಶಾಲೆಗೆ ಒಂದು ಮಾದರಿಯಾಯಿತು.

1960ರ ದಶಕದ ಕೊನೆಯಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಮೈಕೇಲ್ ಸೇಲಾ, ರೂತ್ ಆರ್ನಾನ್ ಮತ್ತು ದ್ವೋರಾ ಟೈಟೆಲ್‌ಬಾಮ್ ಇದೇ ರೋಗವನ್ನು ತರಬಲ್ಲ ವಸ್ತುವನ್ನು ಮಾಡಲೆಳಸಿದರು. ಮಯಲಿನ್‌ನ ಒಂದು ಪ್ರೋಟೀನನ್ನು ಹೋಲುವಂತೆ ನಾಲ್ಕು ಅಮೈನೋ ಆಮ್ಲಗಳನ್ನು ಸರಪಣಿಯಾಗಿ ಪೋಣಿಸಿದರು. ಆದರೆ ಅದನ್ನು ಚುಚ್ಚಿದಾಗ ಗಿನಿಹಂದಿಗಳಿಗೆ ರೋಗ ಬರಲಿಲ್ಲ. ಅಷ್ಟೇ ಅಲ್ಲ, ಬರಬೇಕಾಗಿದ್ದ ರೋಗವನ್ನು ಅದು ತಡೆಯಿತು! ಈ ಫಲಿತಾಂಶವು 1971ರಲ್ಲಿ ಪ್ರಕಟವಾಯಿತು.

ಗಿನಿಹಂದಿಗೆ ಒಗ್ಗಿದ್ದು ಮನುಷ್ಯನಿಗೆ ಒಗ್ಗೀತೆ? ಈ ಪ್ರಶ್ನೆಗೆ ಉತ್ತರ ಪಡೆಯುವುದು ಸುಲಭವಲ್ಲ. ಬಹುಮಂದಿ ರೋಗಿಗಳಲ್ಲಿ ಈ ರೋಗವು ಮೊದಲ ವರ್ಷಗಳಲ್ಲಿ ಬಂದು ಬಂದು ಇಳಿಯುತ್ತದೆ. ಉಲ್ಬಣಿಸಿದಾಗ ಯಾವ ಕಷಾಯವನ್ನು ಕೊಟ್ಟರೂ ಕೆಲವು ವಾರಗಳಲ್ಲಿ ರೋಗವು ತಾನಾಗಿಯೇ ತಗ್ಗಬಹುದು. ಕೀರ್ತಿ ಮಾತ್ರ ಕಷಾಯಕ್ಕೆ! ಆದಕಾರಣ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮದ್ದನ್ನೂ ಇನ್ನೊಂದಕ್ಕೆ ಅದರಂತೆಯೇ ತೋರುವ ಹುಸಿಮದ್ದನ್ನೂ ಕೊಡಬೇಕು. ಯಾರಿಗೆ ಯಾವುದು ಸಂದಿತೆಂದು ರೋಗಿಗೂ ತಿಳಿಯಕೂಡದು, ಪರೀಕ್ಷಿಸುವ ವೈದ್ಯನಿಗೂ ತಿಳಿಯಕೂಡದು.

ನ್ಯೂಯಾರ್ಕಿನಲ್ಲಿ ಮರ್ರೆ ಬಾರ್ನ್‌ಸ್ಟೈನ್ ಈ ಕ್ರಮದಲ್ಲಿ ಎರಡು ವರ್ಷ ನಡೆಸಿದ ಪರೀಕ್ಷೆಯ ಫಲವು 1987ರಲ್ಲಿ ಹೊರಬಂದಿತು. ಹುಸಿಮದ್ದು ಪಡೆದ 23 ಮಂದಿಯಲ್ಲಿ ಒಟ್ಟು 62 ಬಾರಿ ರೋಗ ಮರುಕಳಿಸಿತ್ತು. ನಿಜವಾದ ಮದ್ದು ಪಡೆದ 25 ಮಂದಿಯಲ್ಲಿ 16 ಬಾರಿ ಮಾತ್ರ.

ಅದೇ ವರ್ಷ ಇನ್ನೊಂದು ಪರೀಕ್ಷೆಯ ವರದಿಯೂ ಬಂದಿತು. ಗ್ಯಾಮಾ ಇಂಟರ್‌ಫೆರಾನ್ ಎಂಬುದು ವೈರಸ್ಸುಗಳನ್ನು ಅಡಗಿಸಲು ದೇಹವೇ ತಯಾರಿಸುವ ವಸ್ತು. ಅದು ರೋಗಿಗಳಿಗೆ ಹಿತವಾದೀತೆಂಬ ಎಣಿಕೆಯಿಂದ 18 ಮಂದಿಗೆ ಕೊಟ್ಟು ನೋಡಿದರು. ಅವರಲ್ಲಿ 7 ಮಂದಿಗೆ ಚಿಕಿತ್ಸೆಯ ನಡುವೆಯೇ ರೋಗ ಮರುಕಳಿಸಿತು. ಚಿಕಿತ್ಸೆಗೆ ಮುಂಚೆ ಅವರಲ್ಲಿ ಕಂಡ ಪ್ರಮಾಣಕ್ಕಿಂತ ಇದು ಹೆಚ್ಚಾಗಿತ್ತು. ಆ ವಸ್ತುವು ರಕ್ಷಣಾ ಕಣಗಳನ್ನು ಇನ್ನಷ್ಟು ಕೆರಳಿಸಿತ್ತು. ಕೇಡಿಗೆಂದು ಮಾಡಿದ್ದು ಒಳಿತಾಯಿತು. ಒಳಿತಿಗೆಂದು ಕೊಟ್ಟದ್ದು ಕೇಡಾಯಿತು. ತರ್ಕವೊಂದನ್ನೇ ನೆಚ್ಚಿದ್ದರೆ ಇವೆರಡರಲ್ಲಿ ಒಂದನ್ನೂ ಅರಿಯಲಾಗುತ್ತಿರಲಿಲ್ಲ.

ಚಿಕ್ಕ ಪರೀಕ್ಷೆಯ ಯಶಸ್ಸನ್ನು ನಂಬಿ ಹಿಗ್ಗುವುದೂ ಸಲ್ಲದು. ಇಸ್ರೇಲಿನ ಆ ವಸ್ತುವನ್ನು 251 ರೋಗಿಗಳಿದ್ದ ದೊಡ್ಡ ಪರೀಕ್ಷೆಗೆ ಒಡ್ಡಿದಾಗ ಮರುಕಳಿಕೆಯು ತಗ್ಗಿದ್ದು ಶೇಕಡ 29ರಷ್ಟು ಎಂದು 1995ರಲ್ಲಿ ತಿಳಿದುಬಂದಿತು. ಲಾಭವು ಮೊದಲು ತೋರಿದುದಕ್ಕಿಂತ ಕಡಿಮೆಯಾದರೂ ನಿಜವಾಗಿತ್ತು. 1996ರಲ್ಲಿ ಅಮೆರಿಕದಲ್ಲಿ ಮದ್ದಿಗೆ ಮಾನ್ಯತೆ ದೊರೆಯಿತು. ಗ್ಲಾಟಿರಾಮರ್ ಎಂದು ಅದರ ಹೆಸರು.

ಅಲ್ಲಿಂದೀಚೆಗೆ ಇನ್ನೂ ಪ್ರಬಲವಾದ ಮದ್ದುಗಳು ಬಂದಿವೆ. ರೋಗದ ಮೂಲವನ್ನು ಕುರಿತ ಶೋಧವೂ ಮುಂದುವರಿದಿದೆ. ಅಮೆರಿಕದ ಸೇನೆಯ ಒಂದು ಕೋಟಿಗೂ ಹೆಚ್ಚು ಮಂದಿಯ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು, ಎಪ್‌ಸ್ಟೈನ್-ಬಾರ್ ವೈರಸ್ ಸೋಂಕಿದ ಮೇಲೆ ಈ ರೋಗದ ಸಂಭವವು 32 ಪಟ್ಟು ಏರುವುದನ್ನು ತೋರಿಸಿತು. ಆದರೆ ಪ್ರಪಂಚದ ವಯಸ್ಕರಲ್ಲಿ ಬಹುಪಾಲು ಜನರು ಆ ವೈರಸ್ಸನ್ನು ಹೊತ್ತಿದ್ದಾರೆ. ರೋಗ ಬರುವುದು ಅತ್ಯಲ್ಪ ಮಂದಿಗೆ. ಅವರಿಗೇ ಏಕೆ ಎಂಬುದು ಉಳಿದಿರುವ ದೊಡ್ಡ ಪ್ರಶ್ನೆ.

ಇಂದಿನ ಮದ್ದುಗಳು ಮರುಕಳಿಕೆಯನ್ನು ತಡೆಯುತ್ತವೆ, ರೋಗದ ಮುನ್ನಡೆಯನ್ನು ನಿಧಾನಗೊಳಿಸುತ್ತವೆ, ಬೇರುಸಹಿತ ಕೀಳಲಾರವು. ಹರಿದ ಹೊದಿಕೆಯನ್ನು ಮತ್ತೆ ನೇಯುವುದು ಹೇಗೆಂಬುದು ಮುಂದಿನ ಸಂಶೋಧಕರ ಕೆಲಸ. ಅವರೂ ಪ್ರಯೋಗಶಾಲೆಯಲ್ಲಿ ಊಹಿಸಿ, ರೋಗಿಯ ಮಂಚದ ಬಳಿ ಆ ಊಹೆಯನ್ನು ಒರೆಗೆ ಹಚ್ಚಲೇಬೇಕು.