ಆ ಸೀಳನ್ನು ಕೊಯ್ದು ಎಸೆಯಬೇಡ

ಮಗಳೇ, ನಿನ್ನ ಹೊಸ ಶೆಡ್ಡು ನೋಡಿ ಬಂದಾಗಿನಿಂದ ಆ ಹಲಸಿನ ಹಲಗೆಯೇ ಕಣ್ಣಿಗೆ ಕಟ್ಟಿದೆ. ಅರಿಸಿನದಂಥ ಬಣ್ಣ, ತೊಗಟೆ ಕಳಚಿದ ಅಂಚಿನ ಅಂಕುಡೊಂಕು, ಒಂದು ತುದಿಯಲ್ಲಿ ಗೇಣುದ್ದದ ಸೀಳು. ಆ ತುದಿ ಕೊಯ್ದುಬಿಡ್ತೀನಿ ಮಾವ ಅಂದೆ. ಕೊಯ್ಯಬೇಡ.

ಜಾರ್ಜ್ ನಕಾಶಿಮ ಅವರ ಹೆಸರು ನೀನು ಕಾಲೇಜಿನಲ್ಲಿ ಕೇಳಿರುತ್ತೀಯ. ಅಮೆರಿಕದಲ್ಲಿ ಹುಟ್ಟಿದ ಜಪಾನಿ ಮನೆತನದವರು, ಓದಿದ್ದು ವಾಸ್ತುಶಿಲ್ಪ. 1930ರ ದಶಕದ ಕೊನೆಯಲ್ಲಿ ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ ಗೋಲ್ಕೊಂಡ್ ಎಂಬ ಕಟ್ಟಡದ ಕೆಲಸಕ್ಕೆಂದು ಬಂದವರು ಆಶ್ರಮದವರೇ ಆಗಿ, ಸುಂದರಾನಂದ ಅನಿಸಿಕೊಂಡರು. ಅಮೆರಿಕಕ್ಕೆ ಮರಳಿದ ಮೇಲೆ ಎರಡನೇ ಮಹಾಯುದ್ಧ ಅಲ್ಲಿಗೂ ಬಂತು. 1942ರಲ್ಲಿ, ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ, ಅಮೆರಿಕ ಸರ್ಕಾರ ಅವರನ್ನು ಹೆಂಡತಿ, ಹಸುಗೂಸಿನ ಸಮೇತ ಐಡಾಹೋದ ಮಿನಿಡೋಕಾ ಶಿಬಿರದಲ್ಲಿ ಕೂಡಿಹಾಕಿತು. ಅಲ್ಲೇ ಸೆರೆಯಲ್ಲಿದ್ದ ಹಿಕೊಗಾವ ಎಂಬ ಬಡಗಿಯ ಪಕ್ಕದಲ್ಲಿ ಕೂತು, ಸಿಕ್ಕ ಚೂರುಪಾರು ಮರದಲ್ಲೇ ಉಳಿ, ಗರಗಸ ಪಳಗಿಸಿಕೊಂಡರು. ಇದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಮುಂದೆ ಪೆನ್ಸಿಲ್ವೇನಿಯಾದ ನ್ಯೂ ಹೋಪ್‌ನಲ್ಲಿ ನೆಲೆನಿಂತು, ಬೇರೆಯವರು ಬೇಡವೆನ್ನುವ ಸೀಳು ಹಲಗೆಗಳಿಂದಲೂ ಮೇಜು ಮಾಡಿದರು. ಸೀಳಿನ ಮೇಲೆ ಅಡ್ಡಲಾಗಿ ಚಿಟ್ಟೆಯಾಕಾರದ ಗಟ್ಟಿಮರದ ತುಂಡು ಕೂರಿಸುತ್ತಿದ್ದರು. ನಡು ಸಣ್ಣ, ಎರಡೂ ರೆಕ್ಕೆ ಅಗಲ. ಸೀಳು ಬಾಯಿ ಬಿಡದಂತೆ ಅದು ಹಿಡಿದುಕೊಳ್ಳುತ್ತದೆ. ನೀನು ಮಾಡುವಾಗ ಚಿಟ್ಟೆಯ ನಾರು ಸೀಳಿಗೆ ಅಡ್ಡಲಾಗಿಯೇ ಬರಲಿ, ಇಲ್ಲವಾದರೆ ನಡುವಿನಲ್ಲೇ ಮುರಿಯುತ್ತದೆ. ಬೀಟೆಯ ತುಂಡು ನನ್ನ ಹತ್ತಿರ ಇದೆ, ಕೊಡುತ್ತೇನೆ.

ನನ್ನ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮದುವೆಗೆ ಮೊದಲೇ ಬೇಕೆಂದು ಒಂದು ಮನೆಯವರು ಅವಸರಪಡಿಸಿದರು ಅಂತ, ಸಾಗರದ ಮಳೆಯಲ್ಲಿ ಸರಿಯಾಗಿ ಆರದ ಹಲಗೆಯಿಂದ ಊಟದ ಮೇಜು ಮಾಡಿ ಬಳ್ಳಾರಿಗೆ ಕಳಿಸಿದೆ. ಮೇಲುಹಲಗೆಗೆ ಸ್ಕ್ರೂ ಬಿಗಿದು ಅಲ್ಲಾಡದಂತೆ ಮಾಡಿದ್ದೆ. ಏಪ್ರಿಲ್ ಬಿಸಿಲಿಗೆ ನಡುವೆ ಸೀಳಿತು. ಹಲಗೆ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಕುಗ್ಗದೆ ಬಿಡುವುದಿಲ್ಲ. ಆದ್ದರಿಂದ ಅಡಿಪಟ್ಟಿಯಲ್ಲಿ ಸ್ಕ್ರೂವಿನ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದುದ್ದ ಕೊರೆ, ಮರಕ್ಕೆ ಸರಿದಾಡಲು ಜಾಗ ಸಿಗಲಿ. ಆ ಮನೆಯವರಿಗೆ ಬೇರೆ ಮೇಜು ಮಾಡಿಕೊಟ್ಟೆ, ಆದರೆ ಮದುವೆ ಮನೆಯ ಆ ಮೊದಲ ಮೇಜನ್ನು ವಾಪಸ್ ತಂದ ದಿನ ಮರೆಯಲಾರೆ.

ಇನ್ನು, ಹೊಸ ನಮೂನೆ ಎಲ್ಲಿಂದ ಹೊಳೆಯುತ್ತದೆ ಅಂತ ಕೇಳಿದ್ದೆಯಲ್ಲ. ಕುರ್ಚಿ ಹೇಳಿದವರ ಮನೆಗೆ ಹೋಗಿ ಸುಮ್ಮನೆ ಕೂತು ನೋಡು. ಒಬ್ಬ ನಿವೃತ್ತ ಮೇಷ್ಟ್ರು ಪ್ರತಿಸಲ ಏಳುವಾಗಲೂ ಅಂಗೈ ಊರಲು ತಡಕಾಡುತ್ತಿದ್ದರು. ಅವರ ಕುರ್ಚಿಯ ಕೈಗಳನ್ನು ಸೀಟಿಗಿಂತ ಮೂರು ಬೆರಳು ಮುಂದಕ್ಕೆ ಬಿಟ್ಟು, ತುದಿಯನ್ನು ಅಂಗೈ ತುಂಬುವಂತೆ ಉರುಟಾಗಿ ಕೆತ್ತಿದೆ. ನಾನು ಮಾಡಿದ ಕುರ್ಚಿಗಳಲ್ಲಿ ಅದೇ ಚೆಂದ.

ಮತ್ತೆ, ನಿನ್ನ ಆ ಹಲಸಿನ ಹಲಗೆಯನ್ನು ಗೋಡೆಗೆ ಒರಗಿಸಬೇಡ, ಸೊಟ್ಟಗಾಗುತ್ತದೆ. ಅಡಿಗೆ ಒಂದೇ ದಪ್ಪದ ರೀಪು ಕೊಟ್ಟು ನೆಲಮಟ್ಟಕ್ಕೆ ಮಲಗಿಸು, ಎರಡೂ ಕೊನೆಗೆ ಮೇಣ ಬಳಿ. ಈ ಮಳೆಗಾಲ ದಾಟಲಿ, ಬೇಸಿಗೆಯೂ ಕಳೆಯಲಿ. ಬರುವಾಗ ಬೀಟೆ ತುಂಡಿನ ಜೊತೆ ನನ್ನ ಅರ್ಧ ಇಂಚಿನ ಉಳಿಯನ್ನೂ ಮಸೆದು ತರುತ್ತೇನೆ.