ಒತ್ತಡದಲ್ಲಿ ಆಮ್ಲಜನಕ: ಅದರ ಗುಣ ಮತ್ತು ಅಪಾಯ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೈತರಿಗೆ ಬೆಂಕಿಯ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ವರ್ಜೀನಿಯಾ ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಹದಗೊಳಿಸುವಾಗ ಸುಮಾರು ಒಂದು ವಾರ ಹಗಲಿರುಳೂ ಒಲೆ ಉರಿಯುತ್ತಿರಬೇಕು. ಆದರೂ ಹೊಗೆ ಎಲೆಗೆ ತಾಗುವುದಿಲ್ಲ. ತಗಡಿನ ಕೊಳವೆಗಳೊಳಗೆ ಹರಿದು, ಶಾಖವನ್ನು ಮಾತ್ರ ಒಳಗೆ ಬಿಟ್ಟು, ಹೊರಕ್ಕೆ ಹೋಗುತ್ತದೆ. ಎಲೆಗೆ ದೊರೆತ ಈ ರಕ್ಷಣೆ ಮನುಷ್ಯನಿಗೆ ಯಾವಾಗಲೂ ದೊರೆಯುವುದಿಲ್ಲ. ಚಳಿಯ ರಾತ್ರಿಯಲ್ಲಿ ಕಿಟಕಿ ಬಾಗಿಲುಗಳನ್ನು ಮುಚ್ಚಿ, ಕೆಂಡದ ಅಗ್ಗಿಷ್ಟಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಮಲಗುವುದುಂಟು; ಬಾಣಂತಿಯ ಕೋಣೆಯಲ್ಲಿ ಕೆಂಡವಿಡುವ ರೂಢಿಯೂ ಉಂಟು. ಆ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಅನಂತರ ಪ್ರಜ್ಞೆ ತಪ್ಪುವುದು. ನಿದ್ರೆಯಲ್ಲಿರುವವನಿಗೆ ಈ ಎಚ್ಚರಿಕೆಯೂ ತಿಳಿಯದೆ ಹೋಗಬಹುದು.

ನಾವು ಉಸಿರಾಡಿದ ಆಮ್ಲಜನಕವನ್ನು ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಹೊತ್ತು ಒಯ್ಯುತ್ತದೆ. ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಕಾರ್ಬನ್ ಮಾನಾಕ್ಸೈಡಿನ ಮೇಲೆ ೨೦೦ ಪಟ್ಟಿಗೂ ಹೆಚ್ಚು ಒಲವು. ಹೀಗಾಗಿ ಬಂಡಿಯಲ್ಲಿ ಕುಳಿತುಕೊಳ್ಳಬೇಕಾದವನಿಗೆ ಸ್ಥಳವೇ ಉಳಿಯದು. ಮಿದುಳೂ ಹೃದಯವೂ ಆಮ್ಲಜನಕವಿಲ್ಲದೆ ಸೊರಗುತ್ತವೆ. ಸಾಧಾರಣ ಗಾಳಿಯಲ್ಲಿ ಈ ವಿಷ ರಕ್ತದಲ್ಲಿ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಮುಖವಾಡದ ಮೂಲಕ ಶುದ್ಧ ಆಮ್ಲಜನಕವನ್ನು ಕೊಟ್ಟರೆ ಸುಮಾರು ೮೦ ನಿಮಿಷ ಸಾಕು. ಅದನ್ನೇ ಒತ್ತಡದಲ್ಲಿ ಕೊಟ್ಟರೆ ೨೦-೩೦ ನಿಮಿಷಗಳಲ್ಲಿಯೇ ಅರ್ಧಕ್ಕಿಳಿಯುತ್ತದೆ.

ಒತ್ತಡವೆಂದರೇನು? ನೀರಿನ ಮಟ್ಟ ೧೨೪.೮೦ ಅಡಿಗೇರಿದಾಗ ಕೃಷ್ಣರಾಜಸಾಗರ ತುಂಬಿತೆನ್ನುತ್ತೇವೆ. ಆ ನೀರಿನಲ್ಲಿ ೩೩ ಅಡಿ ಆಳಕ್ಕಿಳಿದವನ ಮೇಲೆ ದಡದಲ್ಲಿ ನಿಂತವನಿಗಿಂತ ಎರಡರಷ್ಟು ಒತ್ತಡ ಬೀಳುತ್ತದೆ. ೬೬ ಅಡಿಯಲ್ಲಿ ಮೂರರಷ್ಟು. ವೈದ್ಯರು ಬಳಸುವ ಒತ್ತಡದ ಕೋಣೆಯಲ್ಲಿ ಗಾಳಿಯನ್ನೋ ಆಮ್ಲಜನಕವನ್ನೋ ಒತ್ತಿ ತುಂಬಿ, ಎರಡರಿಂದ ಮೂರರಷ್ಟು ಒತ್ತಡವನ್ನು ಉಂಟುಮಾಡುತ್ತಾರೆ. ಸೋಡಾ ಬಾಟಲಿಯ ನೀರಿನಲ್ಲಿ ಅನಿಲ ಒತ್ತಡದಿಂದ ಕರಗಿರುವಂತೆಯೇ, ಇಲ್ಲಿ ಆಮ್ಲಜನಕವು ರಕ್ತದ ದ್ರವಭಾಗದಲ್ಲಿಯೇ ಕರಗುತ್ತದೆ. ಸಾಧಾರಣವಾಗಿ ೧೦೦ ಮಿಲಿಲೀಟರ್ ರಕ್ತದಲ್ಲಿ ಹೀಗೆ ಕರಗಿರುವುದು ೦.೩ ಮಿಲಿಲೀಟರ್ ಮಾತ್ರ. ಮೂರು ಪಟ್ಟು ಒತ್ತಡದ ಶುದ್ಧ ಆಮ್ಲಜನಕದಲ್ಲಿ ಅದು ೬ ಮಿಲಿಲೀಟರಿನಷ್ಟಾಗುತ್ತದೆ. ವಿಶ್ರಾಂತಿಯಲ್ಲಿರುವ ದೇಹಕ್ಕೆ ಇದು ಹೆಚ್ಚು ಕಡಿಮೆ ಸಾಕು. ೧೯೬೦ರಲ್ಲಿ ಆಂಸ್ಟರ್‌ಡ್ಯಾಮಿನ ಶಸ್ತ್ರವೈದ್ಯ ಬೂರೆಮಾ ಮತ್ತು ಅವರ ಸಂಗಡಿಗರು, ಕೆಂಪು ಕಣಗಳನ್ನು ಬಹುಮಟ್ಟಿಗೆ ತೆಗೆದುಹಾಕಿದ ಹಂದಿಮರಿಗಳು ಇಂತಹ ಕೋಣೆಯಲ್ಲಿ ಬದುಕಿದ್ದನ್ನು ಪ್ರಕಟಿಸಿದರು.

ಈ ಚಿಕಿತ್ಸೆ ಯಾವ ರೋಗಗಳಿಗೆ ಸಲ್ಲುತ್ತದೆ? ಆಳದ ನೀರಿನಿಂದ ಬೇಗನೆ ಮೇಲೆದ್ದ ಮುಳುಗುಗಾರರ ರಕ್ತದಲ್ಲಿ ಅನಿಲದ ಗುಳ್ಳೆಗಳೇಳುವ ಬೇನೆಗೆ ಇದೇ ಮುಖ್ಯ ಚಿಕಿತ್ಸೆ. ಗಾಯದಲ್ಲಿ ಅನಿಲವುಂಟುಮಾಡುವ ಕ್ರಿಮಿಗಳಿಂದಾಗುವ ಗ್ಯಾಂಗ್ರೀನಿಗೆ ಶಸ್ತ್ರಕ್ರಿಯೆ ಹಾಗೂ ಔಷಧಗಳ ಜೊತೆಯಲ್ಲಿ, ವಿಕಿರಣ ಚಿಕಿತ್ಸೆಯಿಂದ ಕೆಟ್ಟ ಅಂಗಾಂಶಗಳಿಗೆ, ಸಿಹಿಮೂತ್ರ ರೋಗಿಗಳ ಕಾಲಿನಲ್ಲಿ ಮಾಯದೆ ಉಳಿದ ಕೆಲವು ಹುಣ್ಣುಗಳಿಗೆ ಇದನ್ನು ಬಳಸುತ್ತಾರೆ. ಎಲ್ಲ ಹುಣ್ಣುಗಳಿಗೂ ಇದು ಮದ್ದಲ್ಲ. ಮಕ್ಕಳ ಆಟಿಸಂ ಗುಣವಾಗುತ್ತದೆ, ಮುಪ್ಪು ಹಿಂದೆ ಸರಿಯುತ್ತದೆ ಎಂಬ ಪ್ರಚಾರಕ್ಕೆ ಸಾಕಷ್ಟು ಆಧಾರವಿಲ್ಲ.

ಹಿತವಾದುದೇ ಮಿತಿಮೀರಿದರೆ ಅಹಿತ. ಒತ್ತಡದ ಆಮ್ಲಜನಕವು ಮೂರ್ಛೆಯ ಸೆಳೆತವನ್ನು ತರಬಲ್ಲುದೆಂದು ಫ್ರಾನ್ಸಿನ ಪಾಲ್ ಬರ್ಟ್ ೧೮೭೮ರಲ್ಲಿಯೇ ತೋರಿಸಿದರು. ಆದುದರಿಂದ ಚಿಕಿತ್ಸೆಯ ನಡುನಡುವೆ ಕೆಲವು ನಿಮಿಷ ಸಾಧಾರಣ ಗಾಳಿಯನ್ನು ಕೊಡುವುದುಂಟು. ಕಿವಿನೋವು ಎಲ್ಲಕ್ಕಿಂತ ಸಾಮಾನ್ಯವಾದ ತೊಂದರೆ. ಕಿವಿಯ ತಮಟೆಗೂ ಪೆಟ್ಟಾಗಬಹುದು. ಹಲವು ಸಲ ಚಿಕಿತ್ಸೆ ಪಡೆದವರಿಗೆ ದೂರದ ನೋಟ ತಾತ್ಕಾಲಿಕವಾಗಿ ಮಸುಕಾಗುತ್ತದೆ. ಸಿಹಿಮೂತ್ರ ರೋಗಿಗಳ ರಕ್ತದ ಸಕ್ಕರೆ ಇಳಿಯಬಹುದು. ಪುಪ್ಪುಸದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ಸೇರಿಕೊಂಡಿದ್ದರೆ, ಅದನ್ನು ಸರಿಪಡಿಸದೆ ರೋಗಿಯನ್ನು ಕೋಣೆಯೊಳಕ್ಕೆ ಬಿಡಲೇಬಾರದು.

ಇವೆಲ್ಲಕ್ಕಿಂತ ಭಯಂಕರವಾದುದು ಬೆಂಕಿ. ೧೯೯೭ರಲ್ಲಿ ಇಟಲಿಯ ಮಿಲಾನಿನಲ್ಲಿ ಇಂತಹ ಕೋಣೆಗೆ ಬೆಂಕಿ ಬಿದ್ದು ೧೧ ಮಂದಿ ಸತ್ತರು. ೨೦೨೫ರ ಜನವರಿಯಲ್ಲಿ ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ಐದು ವರ್ಷದ ಬಾಲಕನೊಬ್ಬ ಹೀಗೆಯೇ ಅಸುನೀಗಿದನು. ಎಣ್ಣೆ ಹಚ್ಚಿದ ಮೈ, ನೈಲಾನ್ ಬಟ್ಟೆ, ಮೊಬೈಲು, ಬೆಂಕಿಪೊಟ್ಟಣ ಇವಾವುವೂ ಒಳಗೆ ಹೋಗಕೂಡದು.

ಮತ್ತೆ ಕೆಂಡದ ವಿಷಯಕ್ಕೆ ಬರೋಣ. ವಿಷವಾಯು ಸೇವಿಸಿದವರಿಗೆ ಒತ್ತಡದ ಆಮ್ಲಜನಕವು ಮುಖವಾಡದ ಆಮ್ಲಜನಕಕ್ಕಿಂತ ಎಷ್ಟು ಮೇಲೆಂಬ ವಿಷಯದಲ್ಲಿ ವೈದ್ಯರಿಗೆ ಒಮ್ಮತವಿಲ್ಲ. ಮುಂದೆ ನೆನಪಿನ ಶಕ್ತಿಗೆ ಒದಗುವ ಕುಂದು ಇದರಿಂದ ಕಡಿಮೆಯಾಗುತ್ತದೆಂದು ೨೦೦೨ರ ಅಮೆರಿಕದ ಪ್ರಯೋಗವೊಂದು ತೋರಿಸಿತು. ಬೇರೆ ಕೆಲವು ಪ್ರಯೋಗಗಳು ಹಾಗೆ ತೋರಿಸಲಿಲ್ಲ. ಪ್ರಜ್ಞೆ ತಪ್ಪಿದವರು, ಗರ್ಭಿಣಿಯರು, ಹೃದಯಕ್ಕೆ ಪೆಟ್ಟಾದವರು ಇಂಥವರ ವಿಷಯದಲ್ಲಿ ವೈದ್ಯರು ಇದನ್ನು ಆಲೋಚಿಸುತ್ತಾರೆ.

ಒತ್ತಡದ ಕೋಣೆಯಿರುವುದು ಬೆಂಗಳೂರಿನಂತಹ ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳಲ್ಲಿ. ಕೃಷ್ಣರಾಜನಗರದಿಂದ ಅಲ್ಲಿಗೆ ನಾಲ್ಕು ಗಂಟೆಯ ಪಯಣವೆಂದು ಭಾವಿಸೋಣ. ಬರಿಯ ಗಾಳಿಯಲ್ಲಿ ಕರೆದೊಯ್ದರೆ ವಿಷ ಅರ್ಧದಷ್ಟಾದರೂ ಉಳಿದಿರುತ್ತದೆ. ದಾರಿಯುದ್ದಕ್ಕೂ ಮುಖವಾಡದಲ್ಲಿ ಆಮ್ಲಜನಕ ಕೊಟ್ಟರೆ, ೮೦ ನಿಮಿಷಕ್ಕೊಮ್ಮೆ ಅರ್ಧವಾಗುತ್ತಾ, ಎಂಟರಲ್ಲೊಂದು ಪಾಲಿಗೆ ಇಳಿದಿರುತ್ತದೆ. ಆದ್ದರಿಂದ ರೋಗಿಯನ್ನು ಒಡನೆಯೇ ಹೊರಗೆ ತರಬೇಕು, ಬಾಗಿಲು ಕಿಟಕಿಗಳನ್ನು ತೆರೆಯಬೇಕು, ೧೦೮ಕ್ಕೆ ಕರೆ ಮಾಡಿ ಕೆಂಡದ ಸಂಗತಿಯನ್ನು ತಿಳಿಸಿ, ಹತ್ತಿರದ ಆಸ್ಪತ್ರೆಯಲ್ಲಿ ಆಮ್ಲಜನಕವನ್ನು ಕೊಡಿಸಬೇಕು. ದೂರದ ಕೋಣೆಗೆ ಹೋಗಬೇಕೆ ಎಂಬುದನ್ನು ಅಲ್ಲಿಯ ವೈದ್ಯರು ತೀರ್ಮಾನಿಸಲಿ. ಮಲಗುವ ಮುನ್ನ ಅಗ್ಗಿಷ್ಟಿಕೆಯನ್ನು ಹೊರಗಿಟ್ಟವರಿಗಂತೂ ಇವಾವುದರ ಅಗತ್ಯವೂ ಬೀಳದು.